ಲೇಸರ್‌ಡಿಸ್ಕನ್ನು ಹವ್ಯಾಸಿಗಳು ಮತ್ತೆ ತಯಾರಿಸಬಲ್ಲರೇ?

ಶಿರಸಿಯಲ್ಲಿ ನನ್ನ ಕೆಲಸವೆಂದರೆ ಯಕ್ಷಗಾನದ ಹಳೆಯ ವಿಎಚ್‌ಎಸ್ ಕ್ಯಾಸೆಟ್ಟುಗಳನ್ನೂ ಮದುವೆ-ಮುಂಜಿಗಳ ವಿಸಿಡಿಗಳನ್ನೂ ಕಂಪ್ಯೂಟರಿಗೆ ಇಳಿಸಿಕೊಡುವುದು. ಈ ಜಿಲ್ಲೆಯ ಮನೆಗಳು ಕ್ಯಾಸೆಟ್ಟಿನಿಂದ ನೇರವಾಗಿ ವಿಸಿಡಿಗೆ ಬಂದುದರಿಂದ ಚಲನಚಿತ್ರ ತುಂಬಿ ಲೇಸರಿನಿಂದ ಓದಿಸುವ ದೊಡ್ಡ ತಟ್ಟೆಯಾದ ಲೇಸರ್‌ಡಿಸ್ಕ್ ಇಲ್ಲಿ ಕಣ್ಣಿಗೆ ಬೀಳುವುದೇ ಅಪರೂಪ. ಆದರೂ, ನಾನು ಹಿಂದೆ ಸಿಡಿ ಅಚ್ಚು ಹಾಕುವ ಕಾರ್ಖಾನೆಯಲ್ಲಿದ್ದವನೆಂದು ತಿಳಿದ ಎಳೆಯ ಎಂಜಿನಿಯರುಗಳು ಆಗಾಗ ಒಂದು ಪ್ರಶ್ನೆ ಕೇಳುತ್ತಾರೆ: ಗ್ರಾಮಫೋನ್ ತಟ್ಟೆ ಮರಳಿ ಬಂದಿರುವಾಗ ಇದೇಕೆ ಬರಬಾರದು? ಒಂದೊಂದೇ ತಟ್ಟೆಯನ್ನು ಲೇಸರಿನಿಂದ ಬರೆಯುವುದು ಸಾಧ್ಯವಾದೀತು, ಆದರೆ ಅಚ್ಚು ಹಾಕಿ ನೂರಾರು ಪ್ರತಿ ತೆಗೆಯುವುದು ಹವ್ಯಾಸಿಗಳ ಕೈಗೆಟುಕುವ ಕೆಲಸವಲ್ಲ ಎಂಬುದು ನನ್ನ ಅಭಿಪ್ರಾಯ.

ಫಿಲಿಪ್ಸ್ ಮತ್ತು ಎಂಸಿಎ ಕಂಪನಿಗಳು ರೂಪಿಸಿದ ಈ ತಟ್ಟೆ 1978ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಪಯೋನಿಯರ್ ತನ್ನ ಕೊನೆಯ ಪ್ಲೇಯರುಗಳ ತಯಾರಿಕೆಯನ್ನು 2009ರಲ್ಲಿ ನಿಲ್ಲಿಸಿತು. ಲೇಸರ್ ಇದೆ ಎಂದಮಾತ್ರಕ್ಕೆ ಇದನ್ನು ಡಿಜಿಟಲ್ ಎಂದು ತಿಳಿಯುವವರು ಬಹಳ, ಆದರೆ ಇದರ ಚಿತ್ರ ಪೂರ್ತಿ ಅನಲಾಗ್. ಚಿತ್ರದ ಸಂಕೇತವು ಸುಮಾರು 7.6ರಿಂದ 9.3 ಮೆಗಾಹರ್ಟ್ಸ್ ನಡುವೆ ಆವರ್ತನ ಬದಲಿಸುತ್ತ ಸಾಗುತ್ತದೆ, ತಟ್ಟೆಯ ಮೇಲಿನ ಸೂಕ್ಷ್ಮ ಕುಳಿಗಳ ಉದ್ದವೂ ಅವುಗಳ ನಡುವಿನ ಅಂತರವೂ ಅದನ್ನೇ ಅನುಸರಿಸುತ್ತವೆ.

ಈ ಸಂಕೇತವನ್ನು ಹುಟ್ಟಿಸುವುದು ಇಂದು ಕಷ್ಟದ ಕೆಲಸವಲ್ಲ. ಹವ್ಯಾಸಿಗಳೇ ಕಟ್ಟಿದ ಡೋಮ್ಸ್‌ಡೇ ಡ್ಯೂಪ್ಲಿಕೇಟರ್ ಎಂಬ ಸಾಧನವು ಪ್ಲೇಯರಿನ ಲೇಸರ್ ಓದಿದ ಕಚ್ಚಾ ಸಂಕೇತವನ್ನು ಹಾಗೆಯೇ ಹಿಡಿದಿಡುತ್ತದೆ, ಅವರದೇ ತಂತ್ರಾಂಶ ಅದರಿಂದ ಚಿತ್ರವನ್ನು ಬಿಡಿಸಿ ಕೊಡುತ್ತದೆ. ಬಿಡಿಸಲು ಬಲ್ಲವರಿಗೆ ಹೆಣೆಯುವುದೂ ಸಾಧ್ಯ. ಬರೆಯಲು ಬೇಕಾದ 405 ನ್ಯಾನೋಮೀಟರ್ ಲೇಸರ್ ಬ್ಲೂ-ರೇ ಡ್ರೈವುಗಳಿಂದಾಗಿ ಅಗ್ಗವಾಗಿದೆ. ಯಂತ್ರಭಾಗ ಮಾತ್ರ ಕಠಿಣ. ಅಮೆರಿಕದ ಎನ್‌ಟಿಎಸ್‌ಸಿ ಎಂಬ ಟಿವಿ ಪದ್ಧತಿಯಲ್ಲಿ, ಒಂದು ಸುತ್ತಿಗೆ ಒಂದು ಪೂರ್ಣ ಚಿತ್ರದಂತೆ ತಟ್ಟೆ ನಿಮಿಷಕ್ಕೆ 1800 ಬಾರಿ ತಿರುಗಿದರೆ, ಒಂದು ಬದಿಯ 30 ನಿಮಿಷಗಳಲ್ಲಿ 54,000 ಸುತ್ತುಗಳಾಗುತ್ತವೆ. ಸುತ್ತು ಸುತ್ತಿನ ನಡುವೆ ಸುಮಾರು 1.6 ಮೈಕ್ರಾನ್ ಅಂತರವಿಟ್ಟು, ಇವೆಲ್ಲವನ್ನೂ ಎಂಟೂವರೆ ಸೆಂಟಿಮೀಟರ್ ಅಗಲದಲ್ಲಿ ಒಂದರ ಮೇಲೊಂದು ಹತ್ತದಂತೆ ಬರೆಯಬೇಕು. ಗಾಳಿಯ ಮೇಲೆ ತೇಲುವ ಬೇರಿಂಗ್ ಮತ್ತು ಕಂಪನವಿಲ್ಲದ ಪೀಠ ಇದ್ದರೆ, ಹಟ ಹಿಡಿದು ಕೂತ ಒಬ್ಬ ಒಳ್ಳೆಯ ಯಂತ್ರಕರ್ಮಿ ಇಷ್ಟನ್ನು ಸಾಧಿಸಬಹುದೆಂದು ನನಗೆ ನಂಬಿಕೆಯಿದೆ.

ತೊಡಕು ಇರುವುದು ಆಮೇಲಿನ ಹಂತಗಳಲ್ಲಿ. ಬೆಳಕಿಗೆ ಸ್ಪಂದಿಸುವ ಲೇಪವಿರುವ ಗಾಜಿನ ಮಾಸ್ಟರನ್ನು, ಅಂದರೆ ಲೇಸರ್ ಬರೆದ ಮೂಲ ತಟ್ಟೆಯನ್ನು, ತೊಳೆದು, ಅದರ ಮೇಲೆ ವಿದ್ಯುತ್ ಲೇಪನದಿಂದ ನಿಕ್ಕಲ್ ಬೆಳೆಸಿ ಸ್ಟ್ಯಾಂಪರ್ ಎಂಬ ಒತ್ತಚ್ಚು ಮಾಡಿ, ಅದರಿಂದ ಅಕ್ರಿಲಿಕ್ ತಟ್ಟೆ ಒತ್ತಿ, ನಿರ್ವಾತದಲ್ಲಿ ಅಲ್ಯೂಮಿನಿಯಂ ಹಾಯಿಸಿ, ಕೊನೆಗೆ ಎರಡು ಹೋಳುಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಅಂಟಿಸಬೇಕು. ಸಿಡಿಯ ವ್ಯಾಸ 12 ಸೆಂಟಿಮೀಟರ್, ಇದರದು 30. ಅಂದರೆ ವಿಸ್ತೀರ್ಣ ಆರು ಪಟ್ಟಿಗೂ ಹೆಚ್ಚು. ಹಾಗಾಗಿ ಸಿಡಿಯ ಅಚ್ಚುಯಂತ್ರ ಇಲ್ಲಿ ಉಪಯೋಗಕ್ಕೆ ಬಾರದು. ಅಕ್ರಿಲಿಕ್ ತೇವ ಹೀರಿ ಬಾಗುತ್ತದೆ. ಅಂಟಿನ ದೋಷದಿಂದಲೋ ಒಳಸೇರಿದ ತೇವದಿಂದಲೋ ಅಲ್ಯೂಮಿನಿಯಂ ತುಕ್ಕು ಹಿಡಿಯುತ್ತದೆ. ಲೇಸರ್ ರಾಟ್ ಎಂದು ಹೆಸರಾದ ಈ ರೋಗವು ದೊಡ್ಡ ಕಾರ್ಖಾನೆಗಳ ತಟ್ಟೆಗಳನ್ನೂ ಬಿಟ್ಟಿಲ್ಲ. ತಟ್ಟೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದರೆ ಎಷ್ಟೋ ಸಲ ಏನೂ ಕಾಣುವುದಿಲ್ಲ, ಪ್ಲೇಯರಿಗೆ ಹಾಕಿದಾಗ ಚಿತ್ರದ ತುಂಬ ಬಣ್ಣದ ಚುಕ್ಕಿಗಳು ಮಿನುಗುತ್ತವೆ. ಆಷಾಢದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುವ ಕಾರವಾರದಲ್ಲಿ ಇಂಥ ಅಂಟುಗಾರಿಕೆಗೆ ಕೈ ಹಾಕುವವರು ತೇವಾಂಶ ನಿಯಂತ್ರಿಸಿದ ಶುದ್ಧ ಕೊಠಡಿಯ ಖರ್ಚನ್ನು ಮೊದಲೇ ಲೆಕ್ಕ ಹಾಕುವುದು ಒಳಿತು.

ಗ್ರಾಮಫೋನ್ ತಟ್ಟೆಯ ಹೋಲಿಕೆ ಇಲ್ಲಿ ಹೊಂದುವುದಿಲ್ಲ. ಅದನ್ನು ಒತ್ತುವ ಕೆಲಸ ಜಗತ್ತಿನಲ್ಲಿ ಎಂದೂ ಪೂರ್ತಿ ನಿಂತಿರಲಿಲ್ಲ, ಅದನ್ನು ನುಡಿಸುವ ಹೊಸ ಯಂತ್ರಗಳೂ ಅಂಗಡಿಯಲ್ಲಿ ಸಿಗುತ್ತವೆ. ಲೇಸರ್‌ಡಿಸ್ಕ್ ಕೊಳ್ಳುವವನ ಬಳಿ ಇರುವುದಾದರೋ ಬೆಲ್ಟು ಸಡಿಲವಾದ, ಲೇಸರ್ ಮಂಕಾಗುತ್ತಿರುವ, ಬಿಡಿಭಾಗ ಸಿಗದ ಹಳೆಯ ಪ್ಲೇಯರ್. ನೂರು ಪ್ರತಿಗಾಗಲಿ ಹತ್ತು ಸಾವಿರಕ್ಕಾಗಲಿ ಅಚ್ಚಿನ ಖರ್ಚು ಒಂದೇ ಆದ್ದರಿಂದ, ವರ್ಷದಿಂದ ವರ್ಷಕ್ಕೆ ಕುಗ್ಗುವ ಗಿರಾಕಿಗಳನ್ನು ನಂಬಿ ಅದಕ್ಕೆ ಹಣ ಹೂಡುವಂತೆ ನಾನು ಯಾರಿಗೂ ಹೇಳಲಾರೆ.

ಒಂಟಿ ತಟ್ಟೆ ಬರೆಯುವ ದಾರಿಗೆ ಪೂರ್ವನಿದರ್ಶನವಿದೆ: ಸಾಮಾನ್ಯ ಪ್ಲೇಯರಿನಲ್ಲೇ ಓಡುವ, ಒಮ್ಮೆ ಮಾತ್ರ ಬರೆಯಬಲ್ಲ ತಟ್ಟೆಗಳನ್ನು ಆಪ್ಟಿಕಲ್ ಡಿಸ್ಕ್ ಕಾರ್ಪೊರೇಶನ್ 1980ರ ದಶಕದಲ್ಲೇ ತಂದಿತ್ತು. ಇಂದಿನ ಹವ್ಯಾಸಿ ಸಿಡಿ-ಆರ್‌ನಲ್ಲಿರುವಂಥ ಬಣ್ಣದ ಲೇಪವನ್ನು ಪ್ರಯತ್ನಿಸಬಹುದು. ಆದರೆ ಆ ಬಣ್ಣಗಳು 780 ನ್ಯಾನೋಮೀಟರ್ ಲೇಸರಿಗೆ ಹೊಂದಿಸಿದವು. ಕೆಂಪು ಬೆಳಕನ್ನು ಅವು ಚೆನ್ನಾಗಿ ಪ್ರತಿಫಲಿಸುವುದಿಲ್ಲ. ಆದ್ದರಿಂದ ಇಂಥ ತಟ್ಟೆ ಅದೇ 780 ನ್ಯಾನೋಮೀಟರಿನ ಅರೆವಾಹಕ ಲೇಸರ್ ಬಳಸುವ, ನಂತರ ಬಂದ ಪ್ಲೇಯರುಗಳಲ್ಲಿ ಓಡಬಹುದೇ ಹೊರತು, ಕೆಂಪು ಬೆಳಕು ಕೊಡುವ ಹೀಲಿಯಂ-ನಿಯಾನ್ ಲೇಸರ್ ಕೊಳವೆಯಿರುವ ಮೊದಮೊದಲ ಪ್ಲೇಯರುಗಳಲ್ಲಿ ಓಡುವುದು ಅನುಮಾನ. ಪ್ರಯತ್ನಿಸುವವರು ಇಡೀ ಚಲನಚಿತ್ರಕ್ಕೆ ಹೊರಡದೆ, ಒಂದೇ ಬದಿಯಲ್ಲಿ ಕೆಲವೇ ನಿಮಿಷಗಳ ಬಣ್ಣಪಟ್ಟಿಯ ಪರೀಕ್ಷಾಚಿತ್ರವನ್ನು ಬರೆದು, ಪ್ಲೇಯರಿನಿಂದ ಕಚ್ಚಾ ಸಂಕೇತವನ್ನೇ ಹಿಡಿದು ಅಳೆಯಲಿ. ಪ್ರತಿ ಸುತ್ತಿಗೂ ಅದೇ ಜಾಗದಲ್ಲಿ ಮರುಕಳಿಸುವ ಏರಿಳಿತ ಕಂಡರೆ ಮೊದಲು ತಿರುಗಣೆಯನ್ನೂ ತಟ್ಟೆಯ ಸಮತಟ್ಟನ್ನೂ ಪರೀಕ್ಷಿಸಬೇಕು. ಎಲ್ಲೆಡೆ ಒಂದೇ ಸಮನಾದ ಗದ್ದಲವಿದ್ದರೆ ಲೇಪವನ್ನೋ ಬರೆಯುವ ಲೇಸರಿನ ಶಕ್ತಿಯನ್ನೋ ಸಂಶಯಿಸಬೇಕು.