ಸಣ್ಣ ಕ್ಯಾಲಿಬರ್ ರೈಫಲ್ಲಿಗೆ ದುಬಾರಿ ಗುಂಡು ಬೇಕೇ?

ಪ್ರಶ್ನೆ: ಅಮೆರಿಕದಲ್ಲಿ ಲೈಸೆನ್ಸ್ ಪಡೆದು ವರ್ಷಕ್ಕೊಮ್ಮೆ ಜಿಂಕೆ ಬೇಟೆಗೆ ಹೋಗುತ್ತೇನೆ. ನನ್ನದು .243 ವಿಂಚೆಸ್ಟರ್ ರೈಫಲ್. ತೋಟೆಗಳನ್ನು ನಾನೇ ತುಂಬಿಕೊಳ್ಳುತ್ತೇನೆ. ಸಾಮಾನ್ಯ ಗುಂಡು ಸಾಕೋ, ದುಪ್ಪಟ್ಟು ಬೆಲೆಯ ಪ್ರೀಮಿಯಂ ಗುಂಡನ್ನೇ ಹಾಕಬೇಕೋ?

ಜಿಂಕೆ ನಿಮಗೆ ಅಡ್ಡಲಾಗಿ, ಪಕ್ಕೆ ತೋರಿಸಿಕೊಂಡು ನೂರಿನ್ನೂರು ಗಜದೊಳಗೆ ನಿಂತಿದ್ದರೆ 100 ಗ್ರೇನಿನ (ಗ್ರೇನ್ ಎಂದರೆ ಗುಂಡು, ಮದ್ದು ತೂಗುವ ಅಳತೆ; 100 ಗ್ರೇನ್ ಸುಮಾರು ಆರೂವರೆ ಗ್ರಾಮ್) ಸಾಮಾನ್ಯ ಬೇಟೆ ಗುಂಡು ಧಾರಾಳ ಸಾಕು. ನಿಮ್ಮ .243 ತೋಟೆ 1955ರಲ್ಲಿ ಬಂತು. ಅಂದಿನಿಂದಲೂ ಅಂಥ ಗುಂಡಿನಲ್ಲೇ ಲೆಕ್ಕವಿಲ್ಲದಷ್ಟು ಜಿಂಕೆಗಳು ಬಿದ್ದಿವೆ. ಆದರೆ ಪ್ರಾಣಿ ನಮಗೆ ಅನುಕೂಲವಾಗುವಂತೆಯೇ ನಿಲ್ಲಬೇಕಲ್ಲ! ಓರೆಯಾಗಿ ನಿಂತಾಗ, ಭುಜದ ಮೂಳೆ ಅಡ್ಡ ಬಂದಾಗ, ಇಲ್ಲವೇ ಮೂವತ್ತು ಗಜದಲ್ಲಿ ಥಟ್ಟನೆ ಎದುರಾದಾಗ ಗುಂಡಿನ ಒಳಗೇನಿದೆ ಎಂಬುದೇ ಮುಖ್ಯವಾಗುತ್ತದೆ.

ಸಣ್ಣ ಕ್ಯಾಲಿಬರಿನಲ್ಲಿ, ಅಂದರೆ ಗುಂಡಿನ ದಪ್ಪ ಕಡಿಮೆ ಇರುವಲ್ಲಿ, ಇದು ಇನ್ನೂ ಹೆಚ್ಚು ಮುಖ್ಯ. .30 ಕ್ಯಾಲಿಬರಿನ 180 ಗ್ರೇನ್ ಗುಂಡು ಮೂಳೆಗೆ ಬಡಿದು ಅರ್ಧ ತೂಕ ಕಳೆದುಕೊಂಡಿತು ಎಂದುಕೊಳ್ಳಿ. ಉಳಿದದ್ದು 90 ಗ್ರೇನ್, ಹೆಚ್ಚೂಕಮ್ಮಿ ನಿಮ್ಮ ಇಡೀ ಗುಂಡಿನಷ್ಟು. ನಿಮ್ಮದು ಅರ್ಧ ಕಳೆದುಕೊಂಡರೆ ಕೈಯಲ್ಲಿ ಉಳಿಯುವುದು 50 ಗ್ರೇನ್, ಅಂದರೆ ಮೂರು ಗ್ರಾಮ್ ಚಿಲ್ಲರೆ. ಅಷ್ಟು ಹಗುರಾದ ಚೂರು ಶ್ವಾಸಕೋಶದವರೆಗೆ ಹೋಗುತ್ತದೆಂದು ನಂಬುವಂತಿಲ್ಲ. ಹೋಗದಿದ್ದರೆ ಭುಜ ಒಡೆದುಕೊಂಡ ಜಿಂಕೆ ಪೊದೆಗಳಲ್ಲಿ ಮರೆಯಾಗಿ ಎರಡು ದಿನ ನರಳುತ್ತದೆ. ಬೇಟೆಯಲ್ಲಿ ಇದಕ್ಕಿಂತ ಕೆಟ್ಟದ್ದು ನನ್ನ ಮಟ್ಟಿಗೆ ಬೇರೊಂದಿಲ್ಲ.

ಸಾಮಾನ್ಯ ಗುಂಡೆಂದರೆ ತಾಮ್ರಮಿಶ್ರ ಲೋಹದ ತೆಳು ಕವಚ, ಒಳಗೆ ಸೀಸ. ಎರಡಕ್ಕೂ ಬೆಸುಗೆ ಇರುವುದಿಲ್ಲ. ಬಡಿತ ಜೋರಾದರೆ ಕವಚ ಒಂದು ಕಡೆ, ಸೀಸ ಇನ್ನೊಂದು ಕಡೆ. ಅಮೆರಿಕದ ಬೇಟೆಗಾರ ಜಾನ್ ನೋಸ್ಲರ್ ಅವರಿಗೆ 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಆದದ್ದು ಇದೇ. ಮೈಗೆಲ್ಲ ಕೆಸರು ಮೆತ್ತಿಕೊಂಡಿದ್ದ ಮೂಸ್ (ಜಿಂಕೆ ಜಾತಿಯ ಭಾರಿ ಪ್ರಾಣಿ) ಮೇಲೆ ಹೊಡೆದ ಗುಂಡುಗಳು ಒಳಗೆ ಹೋಗದೆ ಒಡೆದವು. ಅವರ ಕೈಯಲ್ಲಿದ್ದದ್ದು ಸಣ್ಣ ಕೋವಿಯೇನಲ್ಲ, .300 ಮ್ಯಾಗ್ನಮ್. ಊರಿಗೆ ಮರಳಿ ಅವರು ಮಾಡಿದ ಪಾರ್ಟಿಷನ್ ಗುಂಡನ್ನು ಉದ್ದಕ್ಕೆ ಸೀಳಿದರೆ ನಡುವೆ ಕವಚದ್ದೇ ಒಂದು ಅಡ್ಡಗೋಡೆ ಕಾಣುತ್ತದೆ. ಮುಂದಿನ ಕೋಣೆಯ ಸೀಸ ಅಣಬೆಯಂತೆ ಅರಳುತ್ತದೆ, ಹಿಂದಿನ ಕೋಣೆಯದು ಗೋಡೆಯ ಮರೆಯಲ್ಲಿ ಇಡಿಯಾಗಿ ಉಳಿದು ಮುಂದೆ ನುಗ್ಗುತ್ತದೆ. ಆಮೇಲೆ ಸೀಸವನ್ನು ಕವಚಕ್ಕೆ ಬೆಸೆದ ಬಾಂಡೆಡ್ ಗುಂಡುಗಳೂ ಸೀಸವೇ ಇಲ್ಲದ ಇಡೀ ತಾಮ್ರದ ಗುಂಡುಗಳೂ ಬಂದವು. ಪ್ರೀಮಿಯಂ ಎಂದು ಮಾರುವವುಗಳಲ್ಲಿ ಹೆಚ್ಚಿನವು ಈ ಮೂರು ಕುಲದವೇ.

ಇನ್ನೂ ಸಣ್ಣ ಕ್ಯಾಲಿಬರಿನ .223 ಅಥವಾ .22-250 ಇಟ್ಟುಕೊಂಡವರಿಗೆ ಒಂದು ಮಾತು. ಆ ಅಳತೆಯ ಗುಂಡುಗಳಲ್ಲಿ ಬಹುಪಾಲು ಹೆಗ್ಗಣ, ನರಿಯಂಥ ಸಣ್ಣ ಪ್ರಾಣಿಗಳಿಗೆಂದು, ತಾಗಿದೊಡನೆ ಪುಡಿಯಾಗಲೆಂದೇ ಮಾಡಿದವು. ಅವನ್ನು ಜಿಂಕೆಗೆ ಹೊಡೆಯಲೇಬೇಡಿ. ಅಲ್ಲಿ ಗಟ್ಟಿ ಗುಂಡು ಕಡ್ಡಾಯ. ಕಾನೂನನ್ನೂ ನೋಡಿಕೊಳ್ಳಿ: ಕೊಲರಾಡೊದಲ್ಲಿ ಜಿಂಕೆಗೆ .24 ಕ್ಯಾಲಿಬರಿಗಿಂತ ಚಿಕ್ಕ ರೈಫಲ್ ನಿಷಿದ್ಧ, ಗುಂಡು 70 ಗ್ರೇನಾದರೂ ತೂಗಬೇಕು. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡೇ ಇಲ್ಲ, ಹಾಗಾಗಿ ಅಲ್ಲಿ ನಿಮ್ಮ ಪ್ರಶ್ನೆಗೆ ಉತ್ತರ ಆಗಲೇ ಸಿಕ್ಕಿದೆ.

ತಾಮ್ರವನ್ನು ಆರಿಸುವುದಾದರೆ ನೂರು ಗ್ರೇನ್ ಎಂಬ ಹಠ ಬಿಡಬೇಕು. ತಾಮ್ರ ಸೀಸಕ್ಕಿಂತ ಹಗುರ. ಘನ ಸೆಂಟಿಮೀಟರಿಗೆ ಸೀಸ 11.3 ಗ್ರಾಮ್, ತಾಮ್ರ 9 ಗ್ರಾಮಿನ ಆಸುಪಾಸು. ತೂಕ ಅಷ್ಟೇ ಬೇಕೆಂದರೆ ಗುಂಡು ಉದ್ದವಾಗುತ್ತದೆ. ಉದ್ದದ ಗುಂಡು ಓಲಾಡದೆ ಹಾರಬೇಕಾದರೆ ನಳಿಗೆಯೊಳಗಿನ ಸುರುಳಿಗೆರೆಗಳು ಅದನ್ನು ಇನ್ನಷ್ಟು ಬಿರುಸಾಗಿ ತಿರುಗಿಸಬೇಕು. ಈ ತಿರುಗುವಿಕೆಯೇ ಒಂದು ತೋಟೆಯ ಹಣೆಬರಹ ಬರೆದದ್ದುಂಟು. .243 ಬಂದ ವರ್ಷವೇ ರೆಮಿಂಗ್ಟನ್ ಕಂಪನಿ .244 ತಂದಿತು. ಗುಂಡಿನ ದಪ್ಪ ಒಂದೇ, ಮದ್ದು ಹಿಡಿಯುವ ಜಾಗ ತುಸು ಹೆಚ್ಚೇ. ಆದರೆ ನಳಿಗೆಯಲ್ಲಿ 12 ಇಂಚಿಗೆ ಒಂದು ಸುತ್ತು; ವಿಂಚೆಸ್ಟರಿನದು 10 ಇಂಚಿಗೆ ಒಂದು, ಅಂದರೆ ಹೆಚ್ಚು ಬಿರುಸು. 100 ಗ್ರೇನಿನ ಜಿಂಕೆ ಗುಂಡಿಗೆ .244 ಆಗದು ಎಂಬ ಮಾತು ಹರಡಿ ಅದು ಹಿಂದೆ ಬಿತ್ತು. 1963ರಲ್ಲಿ ಬಿರುಸು ಸುತ್ತು ಕೊಟ್ಟು 6 ಎಂಎಂ ರೆಮಿಂಗ್ಟನ್ ಎಂದು ಹೆಸರು ಬದಲಿಸಿದರೂ ಕಳೆದುಕೊಂಡ ಜಾಗ ಸಿಗಲಿಲ್ಲ.

ನಿಮ್ಮ ನಳಿಗೆಯ ಸುತ್ತನ್ನು ಅಳೆಯಲು ಐದು ನಿಮಿಷ ಸಾಕು. ತೋಟೆ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಹಿಡಿ ತಾನಾಗಿ ತಿರುಗುವ ಕ್ಲೀನಿಂಗ್ ರಾಡಿಗೆ ಬಿಗಿಯಾದ ಬಟ್ಟೆ ಸಿಕ್ಕಿಸಿ ಒಳಗೆ ತಳ್ಳಿ. ರಾಡಿನ ಮೇಲ್ಮೈಗೆ ಒಂದು ಗುರುತು ಹಾಕಿ, ಮೆಲ್ಲಗೆ ಎಳೆಯಿರಿ. ಗುರುತು ಒಂದು ಪೂರ್ತಿ ಸುತ್ತು ಬಂದು ಮತ್ತೆ ಮೇಲಕ್ಕೆ ಬರುವಷ್ಟರಲ್ಲಿ ರಾಡ್ ಎಷ್ಟು ಇಂಚು ಹೊರಬಂತೋ ಅದೇ ಅಳತೆ. ಹತ್ತು ಬಂದರೆ 80, 85 ಗ್ರೇನಿನ ತಾಮ್ರದ ಗುಂಡು ನಿಮಗೆ ಸರಿ. ಹಗುರಾಯಿತೆಂದು ಅಂಜಬೇಡಿ, ಅದು ತನ್ನ ತೂಕವನ್ನು ಹೆಚ್ಚೂಕಮ್ಮಿ ಪೂರ್ತಿ ಉಳಿಸಿಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ವೇಗ. ಸೆಕೆಂಡಿಗೆ 2,000 ಅಡಿಗಿಂತ ಕೆಳಗಿಳಿದರೆ ಅರಳದೆ ಸೂಜಿಯಂತೆ ತೂರಿಹೋಗುವ ಭಯವಿದೆ. ದೂರದ ಹೊಡೆತವೇ ಹೆಚ್ಚು ಎನ್ನುವವರಿಗೆ ನಾನು ಬಾಂಡೆಡ್ ಗುಂಡನ್ನೇ ಹೇಳುತ್ತೇನೆ.

ಇನ್ನು ತುಂಬುವ ಕೆಲಸ. ಇಲ್ಲಿ ಅನುಭವಿಗಳೂ ಎಡವುವುದು ಒಂದೇ ಕಡೆ: ತೂಕ ಒಂದೇ ಇದೆಯೆಂದು ಹಳೆಯ ಗುಂಡಿನ ಮದ್ದಿನ ಲೆಕ್ಕವನ್ನೇ ಹೊಸದಕ್ಕೂ ಹಾಕುವುದು. ಹಾಗೆ ಮಾಡಬಾರದು. ತಾಮ್ರದ ಗುಂಡು ಉದ್ದವಿರುವುದರಿಂದ ಕೇಸಿನೊಳಗೆ (ಮದ್ದು ತುಂಬುವ ಲೋಹದ ಚಿಪ್ಪಿನೊಳಗೆ) ಆಳಕ್ಕೆ ಇಳಿದು ಮದ್ದಿನ ಜಾಗ ತಿನ್ನುತ್ತದೆ, ನಳಿಗೆಯ ಗೋಡೆಗೆ ಉಜ್ಜುವ ರೀತಿಯೂ ಬೇರೆ. ಎರಡರಿಂದಲೂ ಒತ್ತಡ ಬದಲಾಗುತ್ತದೆ. ಆ ಗುಂಡು ಮಾಡಿದವರ ಕೈಪಿಡಿಯಲ್ಲಿ ಅದೇ ಗುಂಡಿಗೆ ಕೊಟ್ಟ ಆರಂಭದ ಅಳತೆಯಿಂದ ಶುರು ಮಾಡಿ, ಸ್ವಲ್ಪಸ್ವಲ್ಪವೇ ಏರಿಸಿ. ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ಎತ್ತುವಾಗ ಬಿಗಿಯಾಯಿತೇ, ಮದ್ದಿಗೆ ಕಿಡಿ ಹಚ್ಚುವ ಪ್ರೈಮರಿನ ಅಂಚು ಚಪ್ಪಟೆಯಾಯಿತೇ, ಕೇಸಿನ ತಳದಲ್ಲಿ ಹೊಳೆಯುವ ಗುರುತು ಬಿತ್ತೇ, ಅಲ್ಲಿಗೆ ನಿಲ್ಲಿಸಿ. ಒತ್ತಡ ಮಿತಿಮೀರಿದ್ದನ್ನು ಹೇಳುವ ಈ ಗುರುತುಗಳಿಲ್ಲ ಅಂದಮಾತ್ರಕ್ಕೆ ಕೈಪಿಡಿಯ ಗರಿಷ್ಠ ದಾಟಬಹುದೆಂದಲ್ಲ. ತಾಮ್ರದ ಗುಂಡು ನಳಿಗೆಯ ಸುರುಳಿಗೆರೆಗಳಿಗೆ ಮುಟ್ಟದಂತೆ ಕೂರಿಸಿ, 0.050 ಇಂಚಿನಷ್ಟು ಅಂತರ ಕೊಟ್ಟು ಶುರು ಮಾಡುವುದು ರೂಢಿ. ಹೊಸ ಗುಂಡು ಪರೀಕ್ಷಿಸುವ ಮುನ್ನ ನಳಿಗೆಯ ಹಳೆಯ ತಾಮ್ರದ ಕರೆಯನ್ನು ಉಜ್ಜಿ ತೆಗೆಯಿರಿ. ಎಷ್ಟೋ ಜನ ಗುಂಡನ್ನು ಬೈಯುತ್ತಾರೆ, ಕೊಳೆ ಇರುವುದು ನಳಿಗೆಯಲ್ಲಿ.

ಖರ್ಚಿನ ವಿಷಯಕ್ಕೆ ಬಂದರೆ, ಮನೆಯಲ್ಲೇ ತುಂಬುವವರಿಗೆ ಹೆಚ್ಚುವರಿ ಹೊರೆ ಬೀಳುವುದು ಗುಂಡಿನದು ಮಾತ್ರ; ಕೇಸು, ಮದ್ದು, ಪ್ರೈಮರ್ ಹೇಗೂ ಬೇಕೇ ಬೇಕು. ವರ್ಷವಿಡೀ ಅಭ್ಯಾಸಕ್ಕೆ ಸಾಮಾನ್ಯ ಗುಂಡು ಹೊಡೆಯಿರಿ. ಬೇಟೆಗೆ ಮುಂಚೆ ಮಾತ್ರ ದುಬಾರಿ ಗುಂಡಿನಲ್ಲಿ ಸ್ಕೋಪ್ ಮತ್ತೆ ಹೊಂದಿಸಲೇಬೇಕು, ಎರಡೂ ಒಂದೇ ಜಾಗಕ್ಕೆ ಬೀಳುವುದು ಅಪರೂಪ. ನೂರು ಗಜದಲ್ಲಿ ಮೂರು ಗುಂಡು ಒಂದೂವರೆ ಇಂಚಿನೊಳಗೆ ಬಿದ್ದರೆ ತೃಪ್ತಿಪಡಿ. ಅರ್ಧ ಇಂಚಿನ ಬೆನ್ನು ಹತ್ತಿ ಒಂದು ಡಬ್ಬಿ ಗುಂಡು ಮುಗಿಸುವ ಬದಲು ಮಂಡಿಯೂರಿ ಹೊಡೆಯುವುದನ್ನು ಕಲಿಯುವುದು ಲಾಭ.

ಪ್ರಾಣಿಯ ಆಚೆ ಬದಿಯ ಚರ್ಮದಡಿ ಗುಂಡು ಸಿಕ್ಕರೆ ಎಸೆಯಬೇಡಿ. ತೊಳೆದು, ಮದ್ದು ತೂಗುವ ತಕ್ಕಡಿಯಲ್ಲೇ ಇಟ್ಟು, ತೂಕವನ್ನೂ ಹೊಡೆದ ದೂರವನ್ನೂ ಪ್ರಾಣಿ ನಿಂತಿದ್ದ ಕೋನವನ್ನೂ ಬರೆದಿಡಿ. ಮುಂದಿನ ವರ್ಷ ಗುಂಡು ಬದಲಿಸಬೇಕೇ ಎಂಬ ಪ್ರಶ್ನೆ ಬಂದಾಗ ಆ ಪುಟವನ್ನು ತೆಗೆದು ನೋಡಿ.