ಬಿದ್ದ ಮರ ಎತ್ತದೆ ಬಿಟ್ಟ ಕಾಡು: ಲೋಥಾರ್‌ಫಾಡ್ ಟಿಪ್ಪಣಿ

ಮಳೆಗಾಲದಲ್ಲಿ ಶಿರಸಿ ಕಡೆ ರಸ್ತೆಗೆ ಮರ ಬಿದ್ದರೆ ಗರಗಸ ಬಂದೇ ಬರುತ್ತದೆ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದಲ್ಲಿ ಬಿದ್ದದ್ದು ಬಚ್ಚಲ ಒಲೆ ಸೇರುತ್ತದೆ. ಹಾಗಾಗಿ ಬಿದ್ದ ಕಾಡನ್ನು ಮುಟ್ಟದೆ ಬಿಟ್ಟರೆ ಏನಾಗುತ್ತದೆ ಅನ್ನೋದನ್ನು ನಾವು ನೋಡೋದು ಕಡಿಮೆ. ಅದಕ್ಕೇ ಈ ಜರ್ಮನಿಯ ಉದಾಹರಣೆ.

ಲೋಥಾರ್ ಒಂದು ಬಿರುಗಾಳಿಯ ಹೆಸರು, ಫಾಡ್ ಅಂದರೆ ಕಾಲುದಾರಿ. 1999ರ ಡಿಸೆಂಬರ್ 26ರಂದು ಆ ಗಾಳಿ ಫ್ರಾನ್ಸ್ ದಾಟಿ ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಎಂಬ ಬೆಟ್ಟದ ಕಾಡಿಗೆ ಬಡಿಯಿತು. ಬಹಳ ಕಡೆ ಬಿದ್ದ ಮರ ಸಾಗಿಸಿದರು. ಶ್ಲಿಫ್‌ಕೋಫ್ ಬೆಟ್ಟದ ಹತ್ತಿರ ಸುಮಾರು 10 ಹೆಕ್ಟೇರ್ ಹಾಗೇ ಬಿಟ್ಟು, 2003ರಲ್ಲಿ ಅದರೊಳಗೆ ಒಂದು ಕಿಲೋಮೀಟರಿಗೂ ಕಡಿಮೆ ಉದ್ದದ ಹಲಗೆ-ಏಣಿಗಳ ದಾರಿ ಮಾಡಿದರು.

ಬಿದ್ದದ್ದು ಹೆಚ್ಚಾಗಿ ಸ್ಪ್ರೂಸ್ ಎಂಬ ಸೂಜಿ ಎಲೆಯ ಮರ. ಅದರ ಬೇರು ಆಳಕ್ಕೆ ಹೋಗುವುದಿಲ್ಲ, ನೆಲವೂ ಒದ್ದೆ. ಡಿಸೆಂಬರಿನಲ್ಲಿ ಬೀಚ್ ಮರಗಳು ಬೋಳಾಗಿರುತ್ತವೆ, ಸ್ಪ್ರೂಸ್ ಮಾತ್ರ ಹಸಿರಾಗಿದ್ದು ಹಾಯಿಯಂತೆ ಗಾಳಿ ಹಿಡಿಯುತ್ತದೆ.

ಈಗ ಮುಖ್ಯ ಪ್ರಶ್ನೆ: ಹೊಸ ಗಿಡ ಎಲ್ಲಿಂದ ಬಂತು? 'ಮೊದಲು ಬಿಸಿಲು ಬಯಸುವ ಗಿಡ, ಆಮೇಲೆ ನೆರಳಿನ ಗಿಡ' ಅಂತ ಸುಮ್ನೆ ಬಾಯಿಪಾಠ ಮಾಡಬೇಡಿ. ಬರ್ಚ್ ಮರದ ಬೀಜ ತೀರಾ ಹಗುರ, ಗಾಳಿಯಲ್ಲೇ ತೇಲಿ ಬರುತ್ತದೆ. ರೋವನ್ ಮರದ ಹಣ್ಣನ್ನು ಹಕ್ಕಿಗಳು ತಿಂದು, ಸತ್ತು ನಿಂತ ಮರದ ಮೇಲೆ ಕೂತು ಹಿಕ್ಕೆ ಹಾಕುತ್ತವೆ. ಆ ಮರ ಕಡಿದಿದ್ದರೆ ಹಕ್ಕಿ ಎಲ್ಲಿ ಕೂರಬೇಕಿತ್ತು, ಅಲ್ವಾ? ಸ್ಪ್ರೂಸ್ ಸಸಿಗಳಂತೂ ದೊಡ್ಡ ಮರಗಳ ನೆರಳಲ್ಲಿ ಮೊದಲೇ ಗಿಡ್ಡಗೆ ಕಾಯುತ್ತಿರುತ್ತವೆ, ಬೆಳಕು ಬಿದ್ದ ಕೂಡಲೇ ಏಳುತ್ತವೆ. ಕೊಳೆತು ಮೆತ್ತಗಾದ ದಿಮ್ಮಿ ನೀರು ಹಿಡಿದುಕೊಳ್ಳುತ್ತದೆ, ಅದರ ಮೇಲೆಯೇ ಮೊಳಕೆ ಬರುತ್ತದೆ. ಅಡ್ಡಾದಿಡ್ಡಿ ಬಿದ್ದ ಮರಗಳ ನಡುವೆ ಜಿಂಕೆ ನುಗ್ಗುವುದು ಕಷ್ಟ. ಅಂದರೆ ಬೇಲಿ ಪುಕ್ಕಟೆ! ನನಗೆ ಇದೇ ಬಹಳ ಇಷ್ಟವಾದ ಭಾಗ.

ಇದಕ್ಕೆ ಇನ್ನೊಂದು ಮುಖವೂ ಇದೆ. ಬಿದ್ದ ಸ್ಪ್ರೂಸ್ ತೊಗಟೆಯಡಿ ಹುಳು ಜಾಸ್ತಿಯಾಗಿ, ಪಕ್ಕದ ಗಟ್ಟಿ ಮರಗಳಿಗೂ ಹೋಗುತ್ತದೆ. 2014ರಲ್ಲಿ ಅಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅದರ ಅಂಚಿನ ಪಟ್ಟಿಯಲ್ಲಿ ಹುಳು ಹಿಡಿದ ಮರ ಈಗಲೂ ತೆಗೆಯುತ್ತಾರೆ, ಪಕ್ಕದವರ ಕಾಡು ಉಳಿಯಬೇಕಲ್ಲ.

ಇದನ್ನು ನಮ್ಮ ಘಟ್ಟಕ್ಕೆ ಹಾಗೇ ಹೊಂದಿಸಬೇಡಿ. ಇಲ್ಲಿ ಬಯಲಾದ ಜಾಗಕ್ಕೆ ಬರ್ಚ್ ಬರುವುದಿಲ್ಲ, ಯುಪಟೋರಿಯಂ ಕಳೆ ನುಗ್ಗುತ್ತದೆ. ಮಳೆ, ಗೆದ್ದಲು ಸೇರಿ ದಿಮ್ಮಿಯನ್ನೂ ಬೇಗ ಮುಗಿಸುತ್ತವೆ. ಪರೀಕ್ಷೆಯಲ್ಲಿ ಹೋಲಿಸಿ ಬರೆಯಲು ಕೇಳಿದರೆ ಕಾರವಾರ ತೀರದ ಗಾಳಿಮರದ ತೋಪು ತೆಗೆದುಕೊಳ್ಳಿ. ಅದೂ ಅಲ್ಲಿನ ಸ್ಪ್ರೂಸ್ ಕಾಡಿನಂತೆ ಒಂದೇ ಜಾತಿ, ಒಟ್ಟಿಗೆ ನೆಟ್ಟದ್ದು.