ಕೆ-ಡ್ರಾಮಾ ನೋಡುವ ಮಕ್ಕಳು ನಿಜವಾಗಿ ಏನನ್ನು ನಂಬುತ್ತಾರೆ?

"ನನ್ನ ಮಗಳು ಓದೋಕೆ ಕೊರಿಯಾಗೇ ಹೋಗ್ತೀನಿ ಅಂತ ಹಟ ಹಿಡಿದಿದ್ದಾಳೆ, ಸ್ವಲ್ಪ ಬುದ್ಧಿ ಹೇಳಿ ಮೇಡಂ." ಹದಿಹರೆಯದವರ ಜೊತೆ ಆಪ್ತ ಸಮಾಲೋಚಕಿಯಾಗಿ ಕೆಲಸ ಮಾಡುವ ನನಗೆ ಈಚೆಗೆ ಈ ಮಾತು ಜಾಸ್ತಿ ಕೇಳಿಸುತ್ತಿದೆ. ಅಪ್ಪ ಅಮ್ಮಂದಿರ ಭಯ ಹೆಚ್ಚುಕಡಿಮೆ ಒಂದೇ. ಕೆ-ಡ್ರಾಮಾದ, ಅಂದರೆ ಕೊರಿಯಾದ ಧಾರಾವಾಹಿಯ, ಪ್ರೇಮಕಥೆಯನ್ನೇ ಮಗು ನಿಜ ಅಂದುಕೊಂಡುಬಿಟ್ಟಿದೆ ಅಂತ.

ಮಕ್ಕಳ ಜೊತೆ ಕೂತು ಮಾತಾಡಿದರೆ ಬೇರೆಯೇ ಕಾಣುತ್ತದೆ. ಕೋಟ್ಯಧೀಶನ ಮಗ ಬಂದು ಬಡ ಹುಡುಗಿಯ ಕೈ ಹಿಡಿಯುತ್ತಾನೆ ಅಂತ ಹದಿನೈದರ ಹುಡುಗಿ ನಂಬಿರುವುದಿಲ್ಲ. ಅದು ಕಥೆ ಅಂತ ಅವಳಿಗೆ ಚೆನ್ನಾಗಿ ಗೊತ್ತು, ಕೇಳಿದರೆ ನಗುತ್ತಾಳೆ. ಆದರೆ ಆ ಬಡ ಹುಡುಗಿ ವಾಸಿಸುವ ಕೋಣೆ? ಕೆಲಸ ಮುಗಿಸಿ ಅವಳು ಹೋಗುವ ಕಾಫಿ ಅಂಗಡಿ, ರಾತ್ರಿ ಒಬ್ಬಳೇ ನಡೆದು ಬರುವ ಬೀದಿ, ವಾರದ ಮಧ್ಯದಲ್ಲೂ ಗೆಳತಿಯರ ಜೊತೆ ಗಂಟೆಗಟ್ಟಲೆ ಹರಟುವಷ್ಟು ಬಿಡುವು? ಇದ್ಯಾವುದನ್ನೂ ಅವಳು ಅನುಮಾನದಿಂದ ನೋಡಿಲ್ಲ. ಗಮನವೆಲ್ಲ ಕಥೆಯ ಮೇಲಿತ್ತು, ಹಿನ್ನೆಲೆ ಸದ್ದಿಲ್ಲದೆ ಒಳಗೆ ಬಂದು ಕೂತಿದೆ.

ಅಮೆರಿಕದ ಸಂವಹನ ತಜ್ಞ ಜಾರ್ಜ್ ಗರ್ಬ್ನರ್ 1960ರ ದಶಕದ ಕೊನೆಯಿಂದ ಇಂಥದ್ದನ್ನೇ ಅಧ್ಯಯನ ಮಾಡಿದರು. ವರ್ಷಗಟ್ಟಲೆ ಒಂದೇ ಥರದ ದೃಶ್ಯಗಳನ್ನು ನೋಡುತ್ತಾ ಬಂದವರಿಗೆ ಲೋಕ ಹೇಗೆ ಕಾಣುತ್ತದೆ ಅನ್ನುವುದು ಅವರ ಪ್ರಶ್ನೆ. ಟಿವಿಯಲ್ಲಿ ಹೊಡೆದಾಟ ತುಂಬಿದ್ದ ಕಾಲ ಅದು. ಜಾಸ್ತಿ ಟಿವಿ ನೋಡುವವರು ಲೋಕ ಇರುವುದಕ್ಕಿಂತ ಹೆಚ್ಚು ಅಪಾಯಕಾರಿ ಅಂದುಕೊಳ್ಳುತ್ತಾರೆ ಅಂತ ಅವರು ವಾದಿಸಿದರು. ನನ್ನ ಅನುಭವದಲ್ಲಿ ದೂರದ ದೇಶದ ವಿಷಯಕ್ಕೆ ಬಂದರೆ ಈ ಪರಿಣಾಮ ಇನ್ನೂ ಗಟ್ಟಿ. ತನ್ನದೇ ಊರಿನ ಆಸ್ಪತ್ರೆಯನ್ನೋ ಶಾಲೆಯನ್ನೋ ಟಿವಿ ತಪ್ಪಾಗಿ ತೋರಿಸಿದರೆ ಮಗುವಿಗೆ ತಕ್ಷಣ ಗೊತ್ತಾಗುತ್ತದೆ. ಕೊರಿಯಾದ ರಾಜಧಾನಿ ಸಿಯೋಲ್ ಬಗ್ಗೆ ಹಾಗೆ ಹೋಲಿಸಿ ನೋಡೋಕೆ ಮಗುವಿನ ಹತ್ತಿರ ಏನೂ ಇಲ್ಲ, ಅಲ್ವಾ?

ಇದು ಮಕ್ಕಳಿಗಷ್ಟೇ ಆಗುವುದೂ ಅಲ್ಲ. 2002ರ ಕೊರಿಯನ್ ಧಾರಾವಾಹಿ 'ವಿಂಟರ್ ಸೊನಾಟಾ' ಜಪಾನಿನಲ್ಲಿ ಪ್ರಸಾರವಾದ ಮೇಲೆ, ಅದು ಚಿತ್ರೀಕರಣವಾದ ನಾಮಿ ದ್ವೀಪಕ್ಕೆ ಜಪಾನಿನ ನಡುವಯಸ್ಸಿನ ಹೆಂಗಸರು ಗುಂಪುಗುಂಪಾಗಿ ಬಂದರು.

ಇನ್ನೊಂದು ವಿಷಯವನ್ನು ಮಕ್ಕಳಿಗೆ ಹೇಳಲೇಬೇಕು. ಆ ಹಿನ್ನೆಲೆ ಸುಮ್ನೆ ಅಲ್ಲಿ ಬಂದು ಕೂತದ್ದಲ್ಲ. ದುಡ್ಡು ಪಡೆದು ಕಾರ್ಯಕ್ರಮದೊಳಗೇ ವಸ್ತುಗಳನ್ನು ತೋರಿಸಲು ದಕ್ಷಿಣ ಕೊರಿಯಾ 2010ರಲ್ಲಿ ಕಾನೂನಿನ ಅವಕಾಶ ಕೊಟ್ಟಿತು. ನಾಯಕಿಯ ಕೈಯಲ್ಲಿರುವ ಫೋನ್, ಅವಳು ತಿನ್ನುವ ಸ್ಯಾಂಡ್‌ವಿಚ್, ಕೂತಿರುವ ಕಾಫಿ ಅಂಗಡಿ, ನಾಯಕನ ಕಾರು, ಇದರಲ್ಲಿ ಎಷ್ಟೋ ಜಾಹೀರಾತು. ಅಂದರೆ ಮಗು ಯಾವುದನ್ನು ಕಥೆಗೆ ಸಂಬಂಧವಿಲ್ಲದ ನಿಜ ಅಂತ ಒಪ್ಪಿಕೊಂಡಿದೆಯೋ, ಮಾರಾಟಕ್ಕೆ ಇಟ್ಟಿದ್ದು ಅದನ್ನೇ. ಇದನ್ನು ಹೇಳಿದಾಗ ಮಕ್ಕಳ ಮುಖದಲ್ಲಿ ಆಗುವ ಬದಲಾವಣೆ ಪ್ರೇಮಕಥೆಯ ಬಗ್ಗೆ ಉಪದೇಶ ಕೊಟ್ಟಾಗ ಎಂದೂ ಆಗುವುದಿಲ್ಲ.

ದುಡ್ಡಿನ ಲೆಕ್ಕವನ್ನೂ ಅವರಿಂದಲೇ ಮಾಡಿಸುತ್ತೇನೆ. 2025ರಲ್ಲಿ ಕೊರಿಯಾದ ಕನಿಷ್ಠ ಕೂಲಿ ಗಂಟೆಗೆ 10,030 ವಾನ್. ಪೂರ್ತಿ ತಿಂಗಳು ದುಡಿದರೆ ಸುಮಾರು 21 ಲಕ್ಷ ವಾನ್. ಸಿಯೋಲ್‌ನಲ್ಲಿ ಒಂದು ಕೋಣೆಯ ಮನೆಗೆ ತಿಂಗಳ ಬಾಡಿಗೆಯ ಜೊತೆ 50 ಲಕ್ಷದಿಂದ ಒಂದು ಕೋಟಿ ವಾನ್ ಮುಂಗಡ ಕೇಳುವುದು ಮಾಮೂಲಿ. ಅಷ್ಟು ಇಲ್ಲದವರಿಗೆ ಗೋಶಿವಾನ್ ಇದೆ, ಒಂದು ಹಾಸಿಗೆ, ಒಂದು ಮೇಜು ಹಿಡಿಸುವಷ್ಟು ಪುಟ್ಟ ಕೋಣೆ. ಇಲ್ಲವೇ ಅರ್ಧ ನೆಲದೊಳಗೆ ಇರುವ ಬಾಂಜಿಹಾ ಮನೆ. ಹಾಗಾದರೆ ಅಂಗಡಿಯಲ್ಲಿ ಪಾರ್ಟ್‌ಟೈಮ್ ಕೆಲಸ ಮಾಡುವ ನಾಯಕಿಗೆ ಅಷ್ಟು ಅಗಲದ, ಬೆಳಕು ತುಂಬಿದ ಮನೆ ಎಲ್ಲಿಂದ ಬಂತು? ಕ್ಯಾಮೆರಾ ಓಡಾಡೋಕೆ ಜಾಗ ಬೇಕಲ್ಲ ಅಂತ ಮಕ್ಕಳೇ ಉತ್ತರ ಕಂಡುಕೊಳ್ಳುತ್ತಾರೆ.

ಶಾಲೆಯದೂ ಹೀಗೇ. ಯೂನಿಫಾರ್ಮ್, ಹೂ ಬಿಟ್ಟ ಚೆರ್ರಿ ಮರ, ಕೊನೇ ಬೆಂಚಿನ ಹುಡುಗ. ನಿಜವಾದ ವಿದ್ಯಾರ್ಥಿಯ ಸಂಜೆ ಹಗ್ವಾನ್ ಅನ್ನುವ ಖಾಸಗಿ ಟ್ಯೂಷನ್ ಕೇಂದ್ರಗಳಲ್ಲಿ ಕಳೆಯುತ್ತದೆ. ರಾತ್ರಿ 10ರ ಮೇಲೆ ಪಾಠ ಮಾಡಬಾರದು ಅಂತ ಸಿಯೋಲ್‌ನಲ್ಲಿ ನಿಯಮವನ್ನೇ ತರಬೇಕಾಯಿತು. ನವೆಂಬರ್‌ನಲ್ಲಿ ಸುನುಂಗ್ ಅನ್ನುವ ಕಾಲೇಜು ಪ್ರವೇಶ ಪರೀಕ್ಷೆ ನಡೆಯುವ ದಿನ, ಇಂಗ್ಲಿಷ್ ಕೇಳಿಸಿಕೊಂಡು ಉತ್ತರಿಸುವ ಹೊತ್ತಿನಲ್ಲಿ ದೇಶದ ವಿಮಾನ ನಿಲ್ದಾಣಗಳಲ್ಲಿ ವಿಮಾನ ಏರುವುದಿಲ್ಲ, ಇಳಿಯುವುದಿಲ್ಲ. ಈ ಒತ್ತಡವನ್ನೇ ತೋರಿಸುವ ಧಾರಾವಾಹಿಗಳೂ ಇವೆ, ಚೆನ್ನಾಗಿಯೇ ಇವೆ. ಆದರೆ ಅಲ್ಲೂ ಒತ್ತಡ ಕಾಣುವುದು ಜಗಳ, ಕಣ್ಣೀರು, ಗುಟ್ಟುಗಳ ರೂಪದಲ್ಲಿ. ಏನೂ ನಡೆಯದೆ ಸುಮ್ನೆ ಪುಸ್ತಕದ ಮುಂದೆ ಕೂತ ನಾಲ್ಕು ಗಂಟೆಯನ್ನು ಯಾವ ನಿರ್ದೇಶಕರೂ ತೋರಿಸಲಾರರು. 2021ರಲ್ಲಿ 'ಸ್ಕ್ವಿಡ್ ಗೇಮ್' ಬಂದ ಮೇಲೆ ಇದೇ ಮಕ್ಕಳಲ್ಲಿ ಕೆಲವರು ಕೊರಿಯಾ ಅಂದರೆ ಸಾಲ ಮತ್ತು ಕ್ರೌರ್ಯ ಅಂತಲೂ ಮಾತಾಡಿದರು. ಅದೂ ಅಷ್ಟೇ ಅರ್ಧ ಚಿತ್ರ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಬೇರೆ. ಹುಡುಗಿ ಕೊರಿಯಾದಲ್ಲಿ ತನ್ನನ್ನು ಕಲ್ಪಿಸಿಕೊಳ್ಳುವಾಗ ನಾಯಕಿಯ ಜಾಗದಲ್ಲಿ ಕಲ್ಪಿಸಿಕೊಳ್ಳುತ್ತಾಳೆ. ನಾಯಕಿ ಕೊರಿಯಾದವಳು. ಅವಳಿಗೆ ಭಾಷೆ ಬರುತ್ತದೆ, ಅಮ್ಮ ಅದೇ ಊರಲ್ಲಿದ್ದಾಳೆ, ವೀಸಾದ ಚಿಂತೆ ಇಲ್ಲ. ನಮ್ಮ ಹುಡುಗಿ ಅಲ್ಲಿ ಇಳಿದ ದಿನದಿಂದ ವಿದೇಶಿ. ಆ ದೇಶದಲ್ಲಿ 25 ಲಕ್ಷಕ್ಕೂ ಹೆಚ್ಚು ವಿದೇಶಿಯರಿದ್ದಾರೆ. ಕಾರ್ಖಾನೆಯಲ್ಲಿ, ಹೊಲದಲ್ಲಿ ದುಡಿಯುವವರು, ಮದುವೆಯಾಗಿ ಬಂದವರು, ವಿದ್ಯಾರ್ಥಿಗಳು. ಅವರ ಬದುಕು ಈ ಧಾರಾವಾಹಿಗಳಲ್ಲಿ ಕಾಣುವುದು ತೀರಾ ಕಡಿಮೆ. ಹಾಗಾಗಿ ನೂರಾರು ಗಂಟೆ ನೋಡಿದ ಮೇಲೂ, ಅವಳು ಅಲ್ಲಿ ನಿಜವಾಗಿ ಬದುಕಬೇಕಾದ ಬದುಕಿನ ಬಗ್ಗೆ ಅವಳಿಗೆ ಹೆಚ್ಚೇನೂ ತಿಳಿದಿರುವುದಿಲ್ಲ. ಭಾಷೆ ಕಲಿಯಲು ಡಿ-4 ವೀಸಾದಲ್ಲಿ ಹೋದವರು ಮೊದಲ ಆರು ತಿಂಗಳು ಪಾರ್ಟ್‌ಟೈಮ್ ಕೆಲಸ ಮಾಡುವ ಹಾಗಿಲ್ಲ, ಆಮೇಲೂ ಅನುಮತಿ ಬೇಕು. ಇಂಥ ಒಂದು ಸಾಲು ಅವಳ ಕಲ್ಪನೆಯಲ್ಲಿ ಎಲ್ಲೂ ಇರುವುದಿಲ್ಲ.

ಹಾಗಂತ ಗೇಲಿ ಮಾಡಬೇಡಿ, ದಯವಿಟ್ಟು. ಗೇಲಿ ಮಾಡಿದ ದಿನವೇ ಮಾತು ನಿಲ್ಲುತ್ತದೆ, ನೋಡುವುದು ಮಾತ್ರ ನಿಲ್ಲುವುದಿಲ್ಲ. ಒಂದು ಕಂತು ಜೊತೆಯಲ್ಲಿ ಕೂತು ನೋಡಿ. ಈ ಮನೆಯ ಬಾಡಿಗೆ ಯಾರು ಕಟ್ತಾರೆ, ಇವಳು ಕೆಲಸಕ್ಕೆ ಹೋಗೋದು ಯಾವಾಗ, ಇಲ್ಲಿ ನಿನ್ನಂಥವಳು ಯಾರಿದ್ದಾಳೆ ಅಂತ ನಿಜವಾದ ಕುತೂಹಲದಿಂದ ಕೇಳಿ. ಉತ್ತರ ಅವರೇ ಹುಡುಕಿಕೊಂಡು ಬರಲಿ. ಕೆಲವರ ಆಸೆ ಅಲ್ಲಿಗೆ ತಣ್ಣಗಾಗುತ್ತದೆ. ಇನ್ನು ಕೆಲವರು ಕೊರಿಯನ್ ಲಿಪಿ ಹಂಗುಲ್ ಕಲಿತು, ಟಾಪಿಕ್ ಅನ್ನುವ ಕೊರಿಯನ್ ಭಾಷಾ ಪರೀಕ್ಷೆಗೆ ಓದಿ, ವಿದ್ಯಾರ್ಥಿವೇತನದ ನಿಯಮ ತಿಳಿದುಕೊಂಡು ಬಂದು ನಿಮ್ಮ ಮುಂದೆ ಕೂರುತ್ತಾರೆ. ಅಂಥವರಿಗೆ ಬೆಂಬಲ ಕೊಡಿ, ಅದು ಹುಚ್ಚಲ್ಲ.

ಚಿಂತೆ ಮಾಡಬೇಕಾದ ಸಂದರ್ಭ ಬೇರೆ ಇದೆ. ಅಲ್ಲಿ ಏನು ಇಷ್ಟ ಅಂತ ಕೇಳಿದಾಗ ಮಗು ಕೊರಿಯಾದ ಬಗ್ಗೆ ಏನೂ ಹೇಳದೆ, ಇಲ್ಲಿಂದ ಹೋದರೆ ಸಾಕು ಅಂದರೆ, ನಿದ್ದೆ ಬಿಟ್ಟು, ಇದ್ದ ಗೆಳೆಯರನ್ನೂ ಬಿಟ್ಟು ಪರದೆಯ ಮುಂದೆಯೇ ಇದ್ದರೆ, ಕೊರಿಯಾದ ಚರ್ಚೆ ಬದಿಗಿಡಿ. ಶಾಲೆಯಲ್ಲಿ, ಮನೆಯಲ್ಲಿ ಅದಕ್ಕೆ ಏನು ಕಷ್ಟವಾಗುತ್ತಿದೆ ಅಂತ ಮೆಲ್ಲಗೆ ಕೇಳಿ. ಮನೆಯಲ್ಲಿ ಹೇಳಿಕೊಳ್ಳದಿದ್ದರೆ ಒಬ್ಬ ಸಮಾಲೋಚಕರ ಹತ್ತಿರ ಕರೆದುಕೊಂಡು ಹೋಗಿ, ತಡ ಮಾಡಬೇಡಿ.